ಬೋರಲುಗಲ್ಲಿಗೆ ಆ ಹೆಸರು ಬಂದ ಬಗೆ

ಕರೇಕೋಟೆಯಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಏಳನೆಯ ಮೈಲಿಯನ್ನು ದಾಟಿದ ಮೇಲೆ ಒಂದು ದಿಣ್ಣೆಯನ್ನು ಏರುತ್ತದೆ. ಏರು ಹೇಳಿಕೊಳ್ಳುವಂಥದ್ದಲ್ಲ, ಕಾರಿನಲ್ಲಿ ಹೋಗುವವರಿಗೆ ಅದು ಏರು ಎಂದೇ ತಿಳಿಯುವುದಿಲ್ಲ. ತಲೆಯ ಮೇಲೆ ಭಾರ ಹೊತ್ತು ನಡೆದವರಿಗೆ ಮಾತ್ರ ತಿಳಿಯುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಬೋರಲುಗಲ್ಲು ಎಂಬ ಊರಿದೆ. ಊರಿನ ಮುಂದೆ, ಪಂಚರ್ ಅಂಗಡಿಗೂ ಹಾಲಿನ ಡೇರಿಗೂ ನಡುವೆ, ಎರಡು ಕಲ್ಲುಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ಒಂದು ಚಪ್ಪಡಿ ಇದೆ. ಅದು ಎದೆಗಿಂತ ಎತ್ತರ, ತಲೆಗಿಂತ ತಗ್ಗು. ಊರಿಗೆ ಹೆಸರು ಬಂದದ್ದು ಅದರಿಂದಲೇ. ರಸ್ತೆ ಅಗಲವಾದಾಗ ಅದರ ಪಕ್ಕದಲ್ಲಿ ಒಂದು ಹಸಿರು ಫಲಕವನ್ನು ನೆಟ್ಟಿದ್ದಾರೆ. ‘ಬೋರಲುಗಲ್ಲು: ನಾಯಕರ ಕಾಲದಲ್ಲಿ ಕುದುರೆಗಳಿಗೆ ಮೇವು ಹಾಕುತ್ತಿದ್ದ ಕಟ್ಟೆ’ ಎಂದು ಅದರಲ್ಲಿ ಬರೆದಿದೆ. ಊರಿನ ಹಿರಿಯರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೇವಿನ ಕಟ್ಟೆಗೆ ಅಂಚು ಇರಬೇಕು. ಈ ಚಪ್ಪಡಿಗೆ ಅಂಚಿಲ್ಲ. ದಿಣ್ಣೆಯ ಮೇಲೆ ಬೀಸುವ ಗಾಳಿಗೆ ಇಲ್ಲಿ ಹಾಕಿದ ಹುಲ್ಲನ್ನು ಪಕ್ಕದ ತಾಲ್ಲೂಕಿನ ಕುದುರೆಗಳು ತಿನ್ನಬೇಕಾಗುತ್ತಿತ್ತು. ಒಂದು ಸ್ಥಳದ ಬಗ್ಗೆ ಬರೆಯುವವರು ಮೊದಲು ಆ ಸ್ಥಳದವರನ್ನು ಕೇಳಬೇಕು. ಇದು ಪಾಂಡಿತ್ಯದ ಮಾತಲ್ಲ, ಸಾಮಾನ್ಯ ಶಿಸ್ತು. ಕೇಳಿದ್ದರೆ, ಈ ಹೆಸರಿನಲ್ಲಿ ಕುದುರೆಯ ಪಾಲು ಏನೂ ಇಲ್ಲ, ಇರುವುದೆಲ್ಲ ಮಾಳಕ್ಕನೆಂಬ ಒಬ್ಬ ಕುಂಬಾರಗಿತ್ತಿಯದು ಎಂದು ಯಾರಾದರೂ ಹೇಳುತ್ತಿದ್ದರು.

ಹಿಂದೆ ಒಮ್ಮೆ, ಕರೇಕೋಟೆಯಲ್ಲಿ ಸಿರುಮನಾಯಕ ಆಳುತ್ತಿದ್ದ ಕಾಲದಲ್ಲಿ, ಈ ದಿಣ್ಣೆಯ ಮೇಲೆ ಊರಿರಲಿಲ್ಲ. ದಿಣ್ಣೆಯ ಆಚೆ ಒಂದು ಹರದಾರಿ ದೂರದಲ್ಲಿ ಆವಿಗೆಹಳ್ಳಿ ಎಂಬ ಕುಂಬಾರರ ಊರಿತ್ತು. ಅಲ್ಲಿ ಗಂಡಸರು ತಿಗರಿ ತಿರುಗಿಸಿ ಮಡಿಕೆ ಮಾಡುತ್ತಿದ್ದರು. ಹೆಂಗಸರು ಆವಿಗೆಯಲ್ಲಿ ಬೆಂದ ಮಡಿಕೆಗಳನ್ನು ಹಗ್ಗದ ಬಲೆಯಲ್ಲಿ ಅಟ್ಟಿ ಕಟ್ಟಿ, ತಲೆಯ ಮೇಲೆ ಸಿಂಬೆ ಇಟ್ಟು, ಕೋಟೆಯ ಸಂತೆಗೆ ಹೊರುತ್ತಿದ್ದರು. ಮಡಿಕೆಯ ಹೊರೆಗೂ ಮಿಕ್ಕ ಹೊರೆಗಳಿಗೂ ಒಂದು ವ್ಯತ್ಯಾಸವಿದೆ. ಸೌದೆಯಾದರೆ ದಾರಿಯಲ್ಲಿ ದೊಪ್ಪನೆ ಕೆಡವಿ ಉಸಿರು ತೆಗೆದುಕೊಳ್ಳಬಹುದು. ಮಡಿಕೆಯನ್ನು ಕೆಡವುವಂತಿಲ್ಲ. ಹೊತ್ತವಳು ಒಬ್ಬಳೇ ಬಗ್ಗಿ ಇಳಿಸುವಂತಿಲ್ಲ, ಇಳಿಸಿದರೂ ಒಬ್ಬಳೇ ಎತ್ತಿಕೊಳ್ಳುವಂತಿಲ್ಲ. ಅದಕ್ಕಾಗಿಯೇ ದಾರಿಗಳಲ್ಲಿ ಹೊರೆಗಲ್ಲುಗಳಿರುತ್ತಿದ್ದವು. ಎರಡು ಕಂಬ, ಮೇಲೊಂದು ಚಪ್ಪಡಿ. ಬೆನ್ನು ಕೊಟ್ಟು ನಿಂತು, ತಲೆಯನ್ನು ಚೂರು ಹಿಂದಕ್ಕೆ ವಾಲಿಸಿದರೆ ಹೊರೆ ತಾನಾಗಿ ಕಲ್ಲಿನ ಮೇಲೆ ಕೂರುತ್ತದೆ. ಸಾಕಾದ ಮೇಲೆ ಮತ್ತೆ ತಲೆ ಒಡ್ಡಿದರೆ ಹತ್ತಿಬರುತ್ತದೆ. ಮತ್ತೊಬ್ಬರ ಕೈ ಬೇಡ.

ಇಂಥ ಕಲ್ಲುಗಳನ್ನು ನಿಲ್ಲಿಸುತ್ತಿದ್ದುದು ಸಾಮಾನ್ಯವಾಗಿ ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ಹೆಸರಿನಲ್ಲಿ. ಹೊಟ್ಟೆಯ ಹೊರೆಯನ್ನು ಇಳಿಸದೆ ಹೋದವಳು ಆ ಲೋಕದ ಬಾಗಿಲಲ್ಲಿ ಕೂರಲಾರದೆ, ಮಲಗಲಾರದೆ ನಿಂತೇ ಇರುತ್ತಾಳೆ. ಅವಳ ಕಲ್ಲಿನ ಮೇಲೆ ದಾರಿಹೋಕರು ಹೊರೆ ಇಳಿಸಿದಾಗಲೆಲ್ಲ ಅವಳ ಭಾರವೂ ಅಷ್ಟು ಇಳಿಯುತ್ತದೆ ಎಂದು ನಂಬಿಕೆ. ಮಾಳಕ್ಕನ ಒಬ್ಬಳೇ ಮಗಳು ಹೊನ್ನಿ ಏಳು ತಿಂಗಳ ಬಸುರಿಯಾಗಿದ್ದಾಗ ಇದೇ ದಿಣ್ಣೆಯ ನೆತ್ತಿಯಲ್ಲಿ ಬಿದ್ದು ಸತ್ತಳು. ತಾಯಿಮಗಳಿಬ್ಬರೂ ಸಂತೆಗೆ ಹೊರಟಿದ್ದರು. ಒಳ್ಳೆಯ ಜಾಗ ಹಿಡಿಯಬೇಕೆಂದು ಮಾಳಕ್ಕ ಬಿರಬಿರನೆ ಮುಂದೆ ಹೋದಳು. ಹಿಂದೆ ಉಳಿದ ಮಗಳು ಏರು ಹತ್ತಿ ಸುಸ್ತಾಗಿ, ಹೊರೆಯನ್ನು ಒಬ್ಬಳೇ ಇಳಿಸಲು ಹೋಗಿ ಮುಗ್ಗರಿಸಿದಳು. ಆಗ ಅಲ್ಲಿ ಕಲ್ಲು ಇರಲಿಲ್ಲ. ಹೊನ್ನಿಯ ತಿಥಿಯ ದಿನವೇ ಮಾಳಕ್ಕ ಕಲ್ಲುಕುಟಿಗ ಬೈಚೋಜನ ಮನೆಯ ಮುಂದೆ ಹೋಗಿ ಕುಳಿತಳು. ಅವನು ಕಂಬ ಕಡಿದು ಚಪ್ಪಡಿ ಹೊಂದಿಸಿ ಕೊಡುವವರೆಗೆ ಏಳಲಿಲ್ಲ ಎನ್ನುತ್ತಾರೆ. ಅಲ್ಲಿಂದ ಮುಂದೆ ಹನ್ನೆರಡು ವರ್ಷ ಕೋಟೆಯ ದಾರಿಯ ಹೊರೆಯೆಲ್ಲ ಹೊನ್ನಿಯ ಕಲ್ಲಿನ ಮೇಲೆ ಇಳಿಯಿತು.

ಹದಿಮೂರನೆಯ ವರ್ಷ ಸಿರುಮನಾಯಕ ಒಂದು ಯುದ್ಧ ಗೆದ್ದ. ಯುದ್ಧವೆಂದು ಶಾಸನದಲ್ಲಿ ಬರೆದಿದೆ. ನೆರೆಯ ಪಾಳೆಯದವರು ಊರಲ್ಲಿಲ್ಲದ ಹೊತ್ತು ನೋಡಿ ಅವರ ನಲವತ್ತು ಎತ್ತುಗಳನ್ನು ಹೊಡೆದುಕೊಂಡು ಬಂದ ಎಂದು ಆವಿಗೆಹಳ್ಳಿಯವರು ಹೇಳುತ್ತಾರೆ. ಗೆದ್ದ ಮೇಲೆ ಅವನು ಪಶ್ಚಿಮದ ಮಠಕ್ಕೆ ಹರಕೆ ಒಪ್ಪಿಸಲು ಹೋದ. ಒಡೆಯ ಹಿಂತಿರುಗುವಷ್ಟರಲ್ಲಿ ದಾರಿಯ ಪಕ್ಕ, ಎಲ್ಲರ ಕಣ್ಣಿಗೆ ಬೀಳುವಂತೆ, ಅವನ ಗೆಲುವನ್ನು ಸಾರುವ ಕಲ್ಲೊಂದು ನಿಂತಿರಬೇಕೆಂದು ಪಾರುಪತ್ತೇಗಾರ ಗೋಪರಸಯ್ಯ ತೀರ್ಮಾನಿಸಿದ. ನಾಯಕ ಇಲ್ಲದಾಗ ಕೋಟೆ, ಪೇಟೆ, ದಾರಿ ಎಲ್ಲವೂ ಅವನ ಆಡಳಿತದಲ್ಲಿದ್ದವು. ಕಲ್ಲುಗಣಿ ದೂರವಿತ್ತು, ದಿನಗಳು ಕಡಿಮೆಯಿದ್ದವು. ದಿಣ್ಣೆಯ ಮೇಲೆ ಹದವಾದ ಚಪ್ಪಡಿಯೊಂದು ಸಿದ್ಧವಾಗಿಯೇ ಇತ್ತು. ಅದನ್ನು ಇಳಿಸಿ ಕೆತ್ತುವಂತೆ ಬೈಚೋಜನಿಗೇ ಅಪ್ಪಣೆಯಾಯಿತು.

ಗೋಪರಸಯ್ಯ ಬರೆದುಕೊಟ್ಟ ಒಕ್ಕಣೆಯಲ್ಲಿ ಇಪ್ಪತ್ತೊಂದು ಸಾಲುಗಳಿದ್ದವು. ಗಡಿನಾಡ ಗಂಡ, ಹಗೆಗಳ ಎದೆಯ ಸೂಲ, ಏಳು ಬೆಟ್ಟಗಳ ಒಡೆಯ, ಮೂಡಣ ಬಾಗಿಲ ಹುಲಿ ಎಂದು ಬಿರುದುಗಳ ಮೇಲೆ ಬಿರುದುಗಳು. ರೂಢಿಯಂತೆ ಬಿರುದುಗಳೆಲ್ಲ ಮುಗಿದ ಮೇಲೆ ಕಟ್ಟಕಡೆಯ ಸಾಲುಗಳಲ್ಲಿ ನಾಯಕನ ಹೆಸರು. ಬೈಚೋಜ ಓಲೆಯನ್ನೂ ಕಲ್ಲನ್ನೂ ನಾಲ್ಕು ಸಲ ನೋಡಿದ.

“ಬುದ್ಧೀ, ನಿಲ್ಲಿಸೋ ಕಲ್ಲಿಗೆ ಮೂರರಲ್ಲಿ ಒಂದು ಪಾಲು ನೆಲದೊಳಗಿರಬೇಕು. ಇಷ್ಟೂ ಕೆತ್ತಿದರೆ ಹೂಳೋದಕ್ಕೆ ಒಂದು ಗೇಣಿಗಿಂತ ಹೆಚ್ಚು ಉಳಿಯೋದಿಲ್ಲ. ಕಲ್ಲಿಗೂ ಕಾಲು ಬೇಕಲ್ಲ? ಒಂದಾರು ಬಿರುದು ಬಿಟ್ಟರೆ…”

“ಯಾವ ಆರು? ನೀನೇ ಆರಿಸು” ಎಂದ ಗೋಪರಸಯ್ಯ. “ಒಡೆಯರು ಬಂದಾಗ ಹೇಳುತ್ತೇನೆ, ಇವನ್ನು ಬೇಡವೆಂದವನು ಬೈಚೋಜ ಅಂತ.”

ಬೈಚೋಜ ಉಳಿ ಎತ್ತಿಕೊಂಡ. ಮೇಲಿನ ಅಂಚಿನಿಂದ ಬುಡದವರೆಗೆ ಒಂದಕ್ಷರ ಬಿಡದೆ ಕೆತ್ತಿ, ಉಳಿದ ಗೇಣಗಲವನ್ನು ಮಾತ್ರ ಮಣ್ಣಿನಲ್ಲಿಟ್ಟು, ಸುತ್ತ ಜಲ್ಲಿ ಬಿಗಿದು ನಿಲ್ಲಿಸಿದ. ಅಕ್ಷರಗಳು ದಾರಿಯ ಕಡೆ ನೋಡುತ್ತಿದ್ದವು. ಹತ್ತು ಹೆಜ್ಜೆ ಆಚೆ ಹೊನ್ನಿಯ ಕಂಬಗಳೆರಡು ಬೋಳಾಗಿ ಉಳಿದವು.

ಮುಂದಿನ ಸಂತೆಯ ದಿನ ಹೊರೆ ಹೊತ್ತು ಏರು ಹತ್ತಿದ ಮಾಳಕ್ಕ ಎಂದಿನಂತೆ ಬೆನ್ನು ತಿರುಗಿಸಿ ಕಂಬಗಳ ನಡುವೆ ನಿಂತಳು. ಹಿಂದಕ್ಕೆ ವಾಲಿದರೆ ಆಸರೆ ಸಿಗಲಿಲ್ಲ. ತಿರುಗಿ ನೋಡಿದರೆ ಕಂಬಗಳ ಮೇಲೆ ಏನೂ ಇರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ದಾರಿಯ ಪಕ್ಕ ಅರಿಶಿನ ಬಳಿಸಿಕೊಂಡು ನಿಂತಿದ್ದ ಕಲ್ಲನ್ನು ಅದರ ಮೈಗೆ ಮೊದಲಿನಿಂದಲೂ ಅಡ್ಡವಾಗಿದ್ದ ಕೆಂಪು ಎಳೆಯಿಂದ ಗುರುತಿಸಿದಳು. ಆ ದಿನ ಅವಳು ಹೊರೆ ಇಳಿಸದೆಯೇ ಉಳಿದ ಏಳು ಮೈಲಿ ನಡೆದಳು. ಕತ್ತು ಮರಗಟ್ಟಿತು, ಕಣ್ಣು ಕತ್ತಲೆಗಟ್ಟಿತು. ಆದರೆ ಅವಳ ಎದೆಯಲ್ಲಿದ್ದ ಸಂಕಟ ಕತ್ತಿನದಲ್ಲ. ಕಲ್ಲು ಹೋದ ದಿನದಿಂದ ಹೊನ್ನಿ ಮತ್ತೆ ನಿಂತಿದ್ದಾಳೆ, ತುಂಬಿದ ಹೊಟ್ಟೆ ಹಿಡಿದುಕೊಂಡು ಒಬ್ಬಳೇ ನಿಂತಿದ್ದಾಳೆ, ಇಳಿಸುವವರು ಯಾರೂ ಇಲ್ಲ ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಮಡಿಕೆಗಳನ್ನು ಸಂತೆಯಲ್ಲಿ ಬಿಟ್ಟು ನೇರವಾಗಿ ಚಾವಡಿಗೆ ಹೋದಳು.

“ನನ್ನ ಮಗಳ ಕಲ್ಲು ಕೊಡಿಸಿ ಸ್ವಾಮಿ.”

ಗೋಪರಸಯ್ಯ ನಕ್ಕ. “ನಿನ್ನ ಮಗಳು ಯಾವ ಗಡಿ ಗೆದ್ದಳು?”

“ಗೆಲ್ಲಲಿಲ್ಲ ಸ್ವಾಮಿ. ಹೊತ್ತಳು.”

“ಹೊತ್ತವರ ಹೆಸರೆಲ್ಲ ಕಲ್ಲಿನಲ್ಲಿ ಬರೆಯುತ್ತಾ ಹೋದರೆ ಇರುವ ಬೆಟ್ಟಗಳು ಸಾಲವು.”

“ಬರೀರಿ ಅಂತ ಯಾರು ಕೇಳಿದರು? ಇಳಿಸೋದಕ್ಕೆ ಒಂದು ಜಾಗ ಕೇಳಿದೆ.”

ಚಾವಡಿಯಲ್ಲಿ ಕುಳಿತವರು ತಲೆ ತಗ್ಗಿಸಿದರು. ಗೋಪರಸಯ್ಯನ ಮುಖ ಬಿಗಿಯಿತು. ಅಂದೇ ಸಂತೆಯಲ್ಲಿ ಡಂಗುರ ಹೊಡೆಸಿದ: ಒಡೆಯರ ಕಲ್ಲಿಗೆ ಕೈ ತಾಗಿಸಿದವರನ್ನು ಸಂಸಾರ ಸಮೇತ ಸೀಮೆಯಿಂದ ಆಚೆ ಅಟ್ಟಲಾಗುವುದು. ಕಲ್ಲಿನ ಬಳಿ ಒಬ್ಬ ಕಾವಲುಗಾರನನ್ನೂ ಕೂರಿಸಿದ.

ಆವಿಗೆಹಳ್ಳಿಯಲ್ಲಿ ಮಾಳಕ್ಕನ ಮೈದುನ ಸಣ್ಣೀರ ಅವಳಿಗೆ ಬುದ್ಧಿ ಹೇಳಿದ. ಅವನು ಕೆಟ್ಟವನಲ್ಲ, ಹೆದರಿದವನು. “ಅತ್ತಿಗೇ, ನಮ್ಮದು ಮಡಿಕೆಯ ಬಾಳು. ಕಲ್ಲು ಮಡಿಕೆ ಮೇಲೆ ಬಿದ್ದರೂ ಒಡೆಯೋದು ಮಡಿಕೆ, ಮಡಿಕೆ ಕಲ್ಲಿನ ಮೇಲೆ ಬಿದ್ದರೂ ಒಡೆಯೋದು ಮಡಿಕೆ.” ಮಾಳಕ್ಕ ಹಗ್ಗದ ಬಲೆಯ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದಳು. “ಒಡೆದರೆ ಮತ್ತೆ ತಟ್ಟು. ಮಣ್ಣಿಗೇನು ಬರವೇ?” ಎಂದಳು. ಆ ವಾರ ಅವಳು ಆವಿಗೆಯಿಂದ ಆರಿಸಿ ತೆಗೆದದ್ದು ಕಾಳು ತುಂಬಿಡುವ ಗುಡಾಣಗಳನ್ನು. ಗಟ್ಟಿ ಗಂಡಸರೂ ಮೂರಕ್ಕಿಂತ ಹೆಚ್ಚು ಹೊರುವುದಿಲ್ಲ. ಅವಳು ಆರು ಕಟ್ಟಿದಳು.

ಸಂತೆಯ ದಿನ ಬಿಸಿಲೇರುವ ಹೊತ್ತಿಗೆ ದಿಣ್ಣೆಯ ಮೇಲೆ ಜನ ತುಂಬಿದ್ದರು: ಉಪ್ಪಿನವರು, ಹುಲ್ಲಿನವರು, ಸೌದೆಯವರು, ಎಣ್ಣೆಯವರು, ಆವಿಗೆಹಳ್ಳಿಯ ಹೆಂಗಸರು. ನಾಯಕನ ಸವಾರಿ ಹಿಂದಿನ ಬೀಡಿಗೆ ಬಂದಿಳಿದಿದೆ, ನಾಳೆ ಈ ದಾರಿಯಲ್ಲೇ ಬರುತ್ತದೆ ಎಂದು ಸುದ್ದಿಯಿತ್ತು. ಕಾವಲುಗಾರ ನೆರಳಿನಲ್ಲಿ ಕುಳಿತು ಹುರಿಗಡಲೆ ತಿನ್ನುತ್ತಿದ್ದ. ಮಾಳಕ್ಕ ದಾರಿಯನ್ನು ಬಿಟ್ಟು ಹೊಲದ ಕಡೆಯಿಂದ ಸುತ್ತಿಬಂದು, ನಿಂತ ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. ಅಡ್ಡವಿದ್ದಾಗ ಇದ್ದಷ್ಟೇ ಎತ್ತರ ಅದು ಈಗಲೂ ಇತ್ತು.

“ಏ ಅಜ್ಜೀ, ಏನ್ ಮಾಡ್ತಿದೀಯೆ ಅಲ್ಲಿ?”

“ಹೊರೆ ಇಳಿಸ್ತಿದೀನಪ್ಪಾ. ಕಾಣಾಕಿಲ್ವಾ?”

“ಅದು ಒಡೆಯರ ಕಲ್ಲು ಕಣೇ!”

“ಹೌದಾ? ಕಲ್ಲಿಗೆ ಯಾರೂ ಹೇಳಿಲ್ಲ, ಪಾಪ” ಎಂದು ಮಾಳಕ್ಕ ತಲೆಯನ್ನು ಹಿಂದಕ್ಕೆ ವಾಲಿಸಿದಳು. ಆರು ಗುಡಾಣಗಳ ಭಾರ ಕಲ್ಲಿನ ನೆತ್ತಿಯ ಮೇಲೆ ಕುಳಿತಿತು. ಗೇಣುದ್ದದ ಬುಡ ಎಷ್ಟನ್ನು ತಡೆದೀತು? ಕಲ್ಲು ಒಮ್ಮೆ ಗೊಣಗಿದಂತೆ ಕಿರುಗುಟ್ಟಿ, ಜಲ್ಲಿಯನ್ನು ಎಬ್ಬಿಸಿಕೊಂಡು, ದಾರಿಯ ಕಡೆಗೆ ಮುಖ ಕೆಳಗಾಗಿ ಬಿತ್ತು. ಗುಡಾಣಗಳು ಅದರ ಮೇಲೆ ಬಿದ್ದು ಚೂರಾದವು. ಅವಳು ಬೇಕೆಂದೇ ಬೆನ್ನಿನಿಂದ ನೂಕಿದಳು ಎಂದು ಕೆಲವರು ಹೇಳುತ್ತಾರೆ. ನೂಕುವ ಅಗತ್ಯವೇ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಮಾಳಕ್ಕ ಬದುಕಿರುವವರೆಗೂ ಇದರ ಬಗ್ಗೆ ಏನೂ ಹೇಳಲಿಲ್ಲ. ಆ ಗಳಿಗೆಯಲ್ಲಿ ಅವಳು ಓಡಲೂ ಇಲ್ಲ. ಸಿಂಬೆಯನ್ನು ತಲೆಯಿಂದ ತೆಗೆದು, ಕೊಡವಿ, ಚೂರುಗಳ ಪಕ್ಕದಲ್ಲಿ ಕುಳಿತುಕೊಂಡಳು.

ಕಾವಲುಗಾರ ಓಡಿಹೋಗಿ ಹೇಳಿದ. ನಡುಹಗಲಿನ ಹೊತ್ತಿಗೆ ಗೋಪರಸಯ್ಯ ಕುದುರೆಯ ಮೇಲೆ ಬಂದ. ಹಿಂದೆ ಬೈಚೋಜನನ್ನು ಕರೆತಂದಿದ್ದರು. ಸಂತೆಗೆ ಹೊರಟಿದ್ದವರಲ್ಲಿ ಒಬ್ಬರೂ ಮುಂದೆ ಹೋಗಿರಲಿಲ್ಲ. “ಯಾರು?” ಎಂದು ಗೋಪರಸಯ್ಯ ಗುಡುಗಿದ.

“ನಾನು” ಎಂದಳು ಮಾಳಕ್ಕ.

“ಜೊತೆಗೆ ಯಾರಿದ್ದರು?”

“ಆರು ಗುಡಾಣ ಇದ್ದವು ಸ್ವಾಮಿ. ಈಗ ಅವೂ ಇಲ್ಲ.”

ಅವಳನ್ನು ಆಮೇಲೆ ನೋಡಿಕೊಳ್ಳೋಣವೆಂದು ಅವನು ಬೈಚೋಜನ ಕಡೆ ತಿರುಗಿದ. ನಾಳೆ ಒಡೆಯರು ಬರುವಷ್ಟರಲ್ಲಿ ಕಲ್ಲು ನಿಂತಿರಬೇಕು, ಈ ಸಲ ಆಳವಾಗಿ ಹೂಳು ಎಂದು ಅಪ್ಪಣೆ ಮಾಡಿದ. ಕಲ್ಲಿನ ಒಂದು ಬದಿಯನ್ನು ಸನ್ನೆಗೋಲಿನಿಂದ ಎತ್ತಿಸಿ, ಬೈಚೋಜ ಮಂಡಿಯೂರಿ ಬುಡದಿಂದ ಮೂರರಲ್ಲಿ ಒಂದು ಪಾಲು ಅಳೆದ. ಅಳತೆ ಮುಗಿದ ಕಡೆ ಬೆರಳಿಟ್ಟು, ಅಲ್ಲಿಂದ ಕೆಳಗೆ ಮಣ್ಣಿಗೆ ಹೋಗಬೇಕಾದ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದ. ಆರು ಬಿರುದುಗಳಾದವು. ಕೊನೆಗೆ “ಶ್ರೀಮತು ಸಿರುಮನಾಯಕರು” ಎಂದು ಓದಿದ. ಅವನು ಇದನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದನೇ ಎಂದು ಇಂದಿಗೂ ಕೇಳುವವರಿದ್ದಾರೆ.

ಗೋಪರಸಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾಳಕ್ಕನಿಗೆ ಹಿಡಿಯಲಿಲ್ಲ. ಅವಳು ಎದ್ದು ನಿಂತು ಸೆರಗು ಬಿಗಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಒಡೆಯರನ್ನು ಹೂಳೋದಾದರೆ ಹೇಳಿಬಿಡಿ ಸ್ವಾಮಿ. ಇಷ್ಟು ಜನ ಸೇರಿದ್ದೀವಿ, ಒಂದೊಂದು ಹಿಡಿ ಮಣ್ಣು ಹಾಕಿ ಹೋಗ್ತೀವಿ.”

ಉಪ್ಪಿನವರ ಗುಂಪಿನಲ್ಲಿ ಯಾರೋ ನಗುವನ್ನು ಕೆಮ್ಮಾಗಿಸಿಕೊಂಡರು. ಕಲ್ಲು ಹಿಡಿಯಿರೆಂದು ಗೋಪರಸಯ್ಯ ಕೂಗಿದ. ಒಬ್ಬರೂ ಅಲುಗಲಿಲ್ಲ. ಒಡೆಯನ ಹೆಸರಿನ ಮೇಲೆ ಮಣ್ಣು ಹಾಕಿದವರೆಂದು ನಾಳೆ ಯಾರ ತಲೆ ಹೋಗಬೇಕು? ಮೊದಲಿನಂತೆ ಮೇಲೆ ಮೇಲೆ ನಿಲ್ಲಿಸಿದರೆ ಒಡೆಯನ ಕುದುರೆಯ ಮುಂದೆಯೇ ಬಿದ್ದೀತು. ಮಲಗಿದಂತೆ ಬಿಟ್ಟರೆ ಒಡೆಯನ ಗೆಲುವು ನೆಲ ಕಚ್ಚಿದಂತೆ. ಬಿಸಿಲು ಸುಡುತ್ತಿತ್ತು. ಬೈಚೋಜ ಮೆಲ್ಲಗೆ, ಕಂಬಗಳೆರಡು ಗಟ್ಟಿಯಾಗಿಯೇ ಇವೆ ಎಂದ.

“ಸರಿ, ಅದರ ಮೇಲಿಡಿ” ಎಂದ ಗೋಪರಸಯ್ಯ. “ಅಕ್ಷರ ಮೇಲೆ ಬರಲಿ. ಒಡೆಯರು ಕುದುರೆಯ ಮೇಲಿಂದಲೇ ಓದಲಿ.”

“ಹಾಗೇ ಇಡಲಿ” ಎಂದಳು ಮಾಳಕ್ಕ. “ಆದರೆ ಕಂಬದ ಮೇಲೆ ಕೂತರೆ ಅದು ಹೊರೆಗಲ್ಲು ಸ್ವಾಮಿ. ನಾನು ಇಳಿಸ್ತೀನಿ. ನನ್ನ ಹಿಂದೆ ಇವರೆಲ್ಲ ಇಳಿಸ್ತಾರೆ. ಉಪ್ಪಿನ ಮೂಟೆ, ಗೊಬ್ಬರದ ಕುಕ್ಕೆ, ಸತ್ತ ಕುರಿ, ಏನು ಹೊತ್ತಿದ್ದರೆ ಅದು. ಒಡೆಯರ ಹೆಸರಿನ ಮೇಲೆ ಬೇಕೋ ಬೇಡವೋ, ನೀವೇ ಹೇಳಿ.”

ಎಷ್ಟು ಜನರನ್ನು ಸೀಮೆಯಾಚೆ ಅಟ್ಟಬಹುದು? ಗೋಪರಸಯ್ಯ ಆ ಗುಂಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅಷ್ಟು ಮಂದಿ ಹೋದರೆ ಕೋಟೆಯಲ್ಲಿ ಒಲೆ ಹೊತ್ತಿಸಲು ಸೌದೆಯೂ ಇಲ್ಲ, ಒಲೆಯ ಮೇಲಿಡಲು ಮಡಿಕೆಯೂ ಇಲ್ಲ. ಅವನು ಕುದುರೆಯನ್ನು ತಿರುಗಿಸಿ, ಅವರ ಕಡೆ ನೋಡದೆ, “ಬೋರಲು ಹಾಕಿ, ತೊಲಗಿ” ಎಂದ. ಹೆಸರು ಬಂದದ್ದು ಆ ಮಾತಿನಿಂದ.

ಅಲ್ಲಿಯವರೆಗೆ ಅಲುಗದಿದ್ದವರು ಆಗ ತಾವಾಗಿಯೇ ಬಂದರು. ಎಂಟು ಮಂದಿ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಕಲ್ಲಿನ ಕೆಳಗೆ ಹೊಕ್ಕು, ಅದನ್ನು ಹೊರೆಯಂತೆಯೇ ಹೊತ್ತು, ಹತ್ತು ಹೆಜ್ಜೆ ನಡೆದು, ಹೊನ್ನಿಯ ಕಂಬಗಳ ಮೇಲೆ ಅಕ್ಷರ ಕೆಳಗಾಗುವಂತೆ ಇಳಿಸಿದರು. ಆ ಎಂಟರಲ್ಲಿ ಮೊದಲನೆಯವನು, ಅತ್ತಿಗೆಯ ಹಿಂದೆಯೇ ಬಂದಿದ್ದ ಸಣ್ಣೀರ. ಮಾಳಕ್ಕನ ಬಳಿ ಇಳಿಸಲು ಏನೂ ಉಳಿದಿರಲಿಲ್ಲ. ಒಬ್ಬ ಹುಲ್ಲಿನವಳು ತನ್ನ ಹೊರೆಯನ್ನು ಅವಳ ತಲೆಗೆ ದಾಟಿಸಿದಳು. ಮಾಳಕ್ಕ ಬೆನ್ನು ಕೊಟ್ಟು ನಿಂತು, ತಲೆ ವಾಲಿಸಿದಳು. ಹೊರೆ ಕೂತ ಮೇಲೆ “ಕೂತ್ಕೊಳ್ಳೇ ಹೊನ್ನಿ, ಸಾಕು ನಿಂತಿದ್ದು” ಎಂದು ಹೇಳಿ, ಅಂದು ಮೊದಲ ಸಲ ಅತ್ತಳು ಎನ್ನುತ್ತಾರೆ.

ಮರುದಿನ ಸಿರುಮನಾಯಕನ ಸವಾರಿ ಬಂತು. ನನ್ನ ಕಲ್ಲೆಲ್ಲಿ ಎಂದು ಕೇಳಿದ್ದಕ್ಕೆ, ಬಿಸಿಲು ಮಳೆ ತಾಗದಂತೆ ಅಕ್ಷರಗಳನ್ನು ಕೆಳಮೈಯಲ್ಲಿ ಇರಿಸಲಾಗಿದೆ ಎಂದು ಗೋಪರಸಯ್ಯ ಬಿನ್ನವಿಸಿದ. ನಾಯಕ ಚಪ್ಪಡಿಯನ್ನು ನೋಡಿದ, ಅದರ ಮೇಲೆ ಸಾಲಾಗಿ ಕುಳಿತಿದ್ದ ಹೊರೆಗಳನ್ನು ನೋಡಿದ. ಓದಬೇಕಾದರೆ ಕುದುರೆಯಿಂದಿಳಿದು, ರುಮಾಲು ತೆಗೆದು, ನೆಲಕ್ಕೆ ಬಗ್ಗಬೇಕಿತ್ತು. ಅವನು ಮುಂದೆ ಹೋದ. ಒಡೆಯನೇ ನೋಡಿ ಸುಮ್ಮನಾದ ಕಲ್ಲನ್ನು ಎತ್ತಿ ನಿಲ್ಲಿಸುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಗೋಪರಸಯ್ಯ ತನ್ನ ಸೇಡನ್ನು ಮಾತ್ರ ಬಿಡಲಿಲ್ಲ: ಮಾಳಕ್ಕ ಇನ್ನು ಮುಂದೆ ಕೋಟೆಯ ಬಾಗಿಲು ದಾಟಕೂಡದೆಂದು ವಿಧಿಸಿದ. ಅವಳು ದಾಟಲಿಲ್ಲ. ಪ್ರತಿ ಸಂತೆಯ ದಿನ ಆ ಕಲ್ಲಿನ ನೆರಳಿನಲ್ಲಿ ಮಡಿಕೆ ಹರಡಿಕೊಂಡು ಕುಳಿತಳು. ಹೊರೆ ಇಳಿಸಿದವರು ಹೇಗೂ ನಿಲ್ಲುತ್ತಿದ್ದರು, ನಿಂತವರು ಕೊಂಡರು. ಉಪ್ಪಿನವರು ಪಕ್ಕದಲ್ಲಿ ಒಂದು ಚಪ್ಪರ ಹಾಕಿದರು, ಎಣ್ಣೆಯವರು ಇನ್ನೊಂದು. ಕೋಟೆಯೊಳಗಿನವರೇ ಮಡಿಕೆಗಾಗಿ ಏಳು ಮೈಲಿ ನಡೆದು ಬರಬೇಕಾಯಿತು. ಬೋರಲುಗಲ್ಲು ಊರಾದದ್ದು ಹೀಗೆ.

ಇಂದು ಕೋಟೆ ಹಾಳುಬಿದ್ದಿದೆ. ಕಲ್ಲು ಗಟ್ಟಿಯಾಗಿದೆ. ಅದರ ಮೇಲ್ಮೈ ಹೊರೆಗಳ ಉಜ್ಜಾಟದಿಂದ ಸವೆದು ಕನ್ನಡಿಯಂತಾಗಿದೆ. ಕೆಳಮೈಯಲ್ಲಿ ಇಪ್ಪತ್ತೊಂದು ಸಾಲುಗಳೂ ನಿನ್ನೆ ಕೆತ್ತಿದಂತಿವೆ. ಗೋಪರಸಯ್ಯ ಹೇಳಿದ ಒಂದು ಮಾತಾದರೂ ನಿಜವಾಯಿತು. ಆದರೆ ಅವನ್ನು ಓದಲು ಬಯಸುವವರು, ಎಷ್ಟೇ ದೊಡ್ಡವರಾದರೂ, ಕಲ್ಲಿನ ಕೆಳಗೆ ಅಂಗಾತ ಮಲಗಬೇಕು. ಕಳೆದ ವರ್ಷ ಶಾಸನ ಓದಲು ನಗರದಿಂದ ಒಬ್ಬ ವಿದ್ವಾಂಸರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕೈಯಲ್ಲಿ ಟಾರ್ಚು. ಡೇರಿಯವರು ಕೊಟ್ಟ ಗೋಣಿಚೀಲವನ್ನು ಹಾಸಿಕೊಂಡು, ಅದರ ಮೇಲೆ ಮಲಗಿ, ‘ಗಡಿನಾಡ ಗಂಡ, ಹಗೆಗಳ ಎದೆಯ ಸೂಲ’ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಅಷ್ಟರಲ್ಲಿ ಸೀಮೆಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಏರು ಹತ್ತಿ ಬಂದಳು. ಒಂದು ನಿಮಿಷ ತಾಳಮ್ಮ, ಶಾಸನ ಓದುತ್ತಿದ್ದೇನೆ ಎಂದು ಅವರು ಕೆಳಗಿನಿಂದ ಹೇಳಿದರು. ಅವಳು ತಾಳಲಿಲ್ಲ. ಬೆನ್ನು ಕೊಟ್ಟು ನಿಂತು, ತಲೆ ವಾಲಿಸಿ, ಹೊರೆಯನ್ನು ಅವರ ಮೇಲಿದ್ದ ಕಲ್ಲಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, “ನೀವು ಓದ್ಕಳಿ ಸ್ವಾಮಿ, ನಂಗೇನು ತೊಂದರೆ ಇಲ್ಲ. ಕಾಲು ಮಾತ್ರ ಸ್ವಲ್ಪ ಒಳಕ್ಕೆ ಎಳ್ಕಳಿ” ಎಂದಳು.